ಮಣೆಯಿಂದಿಳಿದ ಹಬ್ಬ

ಸಗರನಾಡಿನಲ್ಲಿ ಹಬ್ಬದ ಶ್ಯಾವಿಗೆ ಬಸಿಯಲು ಹತ್ತು ನಿಮಿಷ ಸಾಕು. ಎಸರು ಮರಳಬೇಕು, ಚಿಟಿಕೆ ಉಪ್ಪು ಬೀಳಬೇಕು, ಶ್ಯಾವಿಗೆ ಹಾಕಿ ಎರಡು ಕುದಿ ಬಂದದ್ದೇ ತಡ ಇಳಿಸಿ ಬಸಿಯಬೇಕು. ಬಿಸಿ ಆರುವ ಮೊದಲೇ ತುಪ್ಪ ಸವರಿ, ಸಕ್ಕರೆಯನ್ನೋ ಪುಡಿಬೆಲ್ಲವನ್ನೋ ಉದುರಿಸಿ, ತಾಟಿಗೆ ಬಡಿಸಿದ ಮೇಲೆ ಕೆನೆಗಟ್ಟಿದ ಹಾಲು ಸುರಿದರೆ ಆಯಿತು. ಹಾಲು ಹೀರಿ ಮೆತ್ತಗಾಗಬೇಕು, ಎಳೆ ಮಾತ್ರ ಎಳೆಯಾಗಿಯೇ ಉಳಿಯಬೇಕು. ಇಷ್ಟು ಬೇಗ ಆಗುವ ಸಿಹಿ ನಮ್ಮಲ್ಲಿ ಇನ್ನೊಂದಿರಲಿಲ್ಲ. ಹೋಳಿಗೆಗೆ ಅರ್ಧ ದಿನ ಬೇಕು, ಹುಗ್ಗಿಗೆ ಗೋಧಿ ಕುಟ್ಟುವ ರಟ್ಟೆ ಬೇಕು. ಹೇಳದೆ ಕೇಳದೆ ಬೀಗರು ಬಂದರೆ, ಮಗಳ ಕುಬಸಕ್ಕೆ ಎಣಿಸಿದ್ದಕ್ಕಿಂತ ಹೆಚ್ಚು ಮಂದಿ ಕೂಡಿದರೆ, ಅವ್ವನ ಕೈ ಅಟ್ಟದ ಮೇಲಿನ ಗಡಿಗೆಗೇ ಹೋಗುತ್ತಿತ್ತು. ಆ ಗಡಿಗೆ ತುಂಬಲು ಹಿಂದಿನ ಬೇಸಿಗೆಯೆಲ್ಲ ಬೇಕಾಗಿರುತ್ತಿತ್ತು.

ನಾನು ಶಹಾಪುರ ತಾಲೂಕಿನ ಎರಿ ಹೊಲಗಳ ಊರಿನವಳು, ಸುರಪುರಕ್ಕೆ ಸೊಸೆಯಾಗಿ ಬಂದು ಶಾಲೆಯಲ್ಲಿ ಅಕ್ಕೋರಾಗಿ ದುಡಿದವಳು. ಈ ಸೀಮೆಯ ಚರಿತ್ರೆ ಎಂದರೆ ಶಾಸನಗಳಲ್ಲಿ ಬರುವ ಸಗರ-300 ಎಂಬ ನಾಡು, ಸುರಪುರದ ಬೇಡ ನಾಯಕರು, 1858ರಲ್ಲಿ ಬ್ರಿಟಿಷರ ಮೇಲೆ ಎದ್ದ ರಾಜಾ ವೆಂಕಟಪ್ಪನಾಯಕ. ಮಕ್ಕಳಿಗೆ ಅದನ್ನೇ ಹೇಳಿಕೊಟ್ಟಿದ್ದೇನೆ. ಶ್ಯಾವಿಗೆ ಮಣೆಗೂ ಒಂದು ಚರಿತ್ರೆಯಿದೆ ಎನ್ನುವುದು ಪಾಠದಲ್ಲಿ ಇರಲಿಲ್ಲ. ಮಶೀನ್ ಬಂತು, ಮಣೆ ಹೋಯಿತು ಅಂತ ನಮ್ಮ ಓಣಿಯಲ್ಲಿ ಎಲ್ಲರೂ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ಮಣೆಯನ್ನು ಅಟ್ಟ ಹತ್ತಿಸಿದ್ದು ಕೃಷ್ಣೆಯ ನೀರು ಎಂದು ನನ್ನ ವಾದ.

ಮೊದಲು ಗೋಧಿಯ ಮಾತು. ಇದು ಜೋಳದ ನಾಡು. ಹಿಂಗಾರಿಯಲ್ಲಿ ಬಿಳಿಜೋಳ ಹೊಲವನ್ನೆಲ್ಲ ಆಳಿದರೆ, ಗೋಧಿಗೆ ಒಂದು ಅಂಚು ಸಿಗುತ್ತಿತ್ತು. ಕೃಷ್ಣೆಯ ಕಾಲುವೆಗೆ ಮುಂಚೆ ನೀರಾವರಿ ಎಂದರೆ ಬಾವಿ, ಹಳ್ಳ, ಬೋನಾಳದಂಥ ಒಂದೊಂದು ಕೆರೆ. ಗೋಧಿ ಎರಿ ಮಣ್ಣಿನ ಹಸಿಯಲ್ಲಿ, ಮಾಗಿಯ ಇಬ್ಬನಿಯಲ್ಲಿ ಬೆಳೆಯಬೇಕು. ಅದಕ್ಕೇ ಗೋಧಿ ಹಬ್ಬದ ಕಾಳು. ಬೆಳೆಯುತ್ತಿದ್ದದ್ದೂ ಈಗಿನ ಚಪಾತಿ ಗೋಧಿಯಲ್ಲ: ಒಂದು ಜವೆಗೋಧಿ, ಇನ್ನೊಂದು ಡ್ಯೂರಮ್ ಜಾತಿಯ ಗಟ್ಟಿಗೋಧಿ. ಜವೆಗೋಧಿಗೆ ಭತ್ತದ ಹಾಗೆ ಸಿಪ್ಪೆ, ಒಕ್ಕಿದರೂ ಬಿಡದು, ಕುಟ್ಟಿಯೇ ಬಿಡಿಸಬೇಕು. ಎರಡೂ ಹತ್ತಿರದ ಸಂಬಂಧಿಗಳು, 28 ವರ್ಣತಂತುಗಳ ಕುಲ. ಚಪಾತಿ ಗೋಧಿಗೆ 42. ನಮ್ಮ ಈ ಎರಡು ಗೋಧಿಗಳ ಕಾಳು ಗಾಜಿನ ಹಾಗೆ ಗಡುಸು, ಒಡೆದರೆ ಹಿಟ್ಟಾಗುವ ಮೊದಲು ರವೆಯಾಗುತ್ತದೆ. ಆ ರವೆಯ ಕಣಕ ಒಣಗಿದ ಮೇಲೆ ಕುದಿನೀರಿಗೆ ಬಿದ್ದರೂ ಕರಗುವುದಿಲ್ಲ. ಇಟಲಿಯವರು ಪಾಸ್ತಾಕ್ಕೆ ಡ್ಯೂರಮ್ಮೇ ಬೇಕೆಂದು ಹಟ ಹಿಡಿಯುವುದು ಇದೇ ಕಾರಣಕ್ಕೆ. ನಮ್ಮ ಆಯಿ ವರ್ಣತಂತುವಿನ ಹೆಸರು ಕೇಳಿದವಳಲ್ಲ. ಕಾಳನ್ನು ಹಲ್ಲಿಗಿಟ್ಟು ಕಟಕ್ ಎಂದು ಕಡಿದು, ‘ಇದು ಶ್ಯಾವಿಗೀಗಿ, ಅದು ರೊಟ್ಟೀಗಿ’ ಎಂದು ಚೀಲ ಬೇರೆ ಮಾಡುತ್ತಿದ್ದಳು.

ಗೋಧಿಯ ಅಡಿಗೆ ಬರಹಕ್ಕೆ ಸಿಕ್ಕಿದ್ದೂ ಉಂಟು. ಕಲ್ಯಾಣದಲ್ಲಿ ಚಾಲುಕ್ಯ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ‘ಮಾನಸೋಲ್ಲಾಸ’ ಗ್ರಂಥ ಬರೆಸಿ, ಅದರ ಅನ್ನಭೋಗ ಎಂಬ ಭಾಗದಲ್ಲಿ ಗೋಧಿಯ ಮಂಡಕ, ಪೋಲಿಕೆಗಳ ಪಾಕ ಹೇಳಿಸಿದ. ಅದಾದ ಕಾಲು ಶತಮಾನಕ್ಕೆ, 1154ರಲ್ಲಿ, ಸಿಸಿಲಿಯ ದೊರೆ ಎರಡನೆಯ ರೋಜರನ ಆಸ್ಥಾನದಲ್ಲಿದ್ದ ಭೂಗೋಳಜ್ಞ ಅಲ್ ಇದ್ರಿಸಿ, ಪಲೆರ್ಮೊ ಹತ್ತಿರದ ತ್ರಾಬಿಯಾ ಎಂಬ ಊರಿನಲ್ಲಿ ಗೋಧಿ ಹಿಟ್ಟಿನ ಎಳೆ ಮಾಡಿ ಹಡಗುಗಟ್ಟಲೆ ಹೊರದೇಶಕ್ಕೆ ಕಳಿಸುತ್ತಾರೆ ಎಂದು ಬರೆದ. ಅಲ್ಲಿಯ ಎಳೆ ಸರಕಾಗಿ ಲೆಕ್ಕದ ಪುಸ್ತಕ ಸೇರಿತು. ಇಲ್ಲಿಯದು ಅವ್ವಂದಿರ ಗಡಿಗೆಯಲ್ಲಿ ಉಳಿಯಿತು.

ನಮ್ಮ ಮನೆಯಲ್ಲಿ ಕೆಲಸ ಶುರುವಾಗುತ್ತಿದ್ದದ್ದು ಹೋಳಿಹುಣ್ಣಿವೆ ದಾಟಿದ ಮೇಲೆ. ಗೋಧಿ ತೊಳೆದು, ನೀರು ಚಿಮುಕಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿಡುವುದು. ನೆರಳಲ್ಲಿ ಆರಿಸಿ ಬೀಸುವುದು. ಜರಡಿ ಹಿಡಿದು ತೌಡು ತೆಗೆದು, ಉಳಿದದ್ದನ್ನು ಹಳೆಯ ಧೋತರದ ಬಟ್ಟೆಯಲ್ಲಿ ಸೋಸಿ ನುಣುಪು ಹಿಟ್ಟು, ಸಣ್ಣ ರವೆ ಬೇರೆ ಮಾಡುವುದು. ಕಣಕಕ್ಕೆ ಉಪ್ಪುನೀರು. ನಾದಿದರೆ ಸಾಲದು, ಒರಳಿಗೆ ಹಾಕಿ ಎಣ್ಣೆ ಸವರಿದ ಒನಕೆಯಿಂದ ಕುಟ್ಟಬೇಕು. ಒಂದು ಚೂರು ಎಳೆದರೆ ಹರಿಯದೆ ಗೇಣುದ್ದ ಬರಬೇಕು. ಬರದಿದ್ದರೆ ಆಯಿಯ ಮುಖ ಗಂಟು: ‘ಕೈಯಾಗ ಬಲಾ ಇಲ್ಲೇನವ್ವಾ, ಇನ್ನೊಂದೀಟು ಕುಟ್ಟ್ರಿ.’

ಮಣೆ ಎಂದರೆ ಆಳುದ್ದಕ್ಕೆ ಸ್ವಲ್ಪ ಕಡಿಮೆ ಉದ್ದದ ಹಲಗೆ. ಮೈಮೇಲೆ ಸಣ್ಣ ಸಣ್ಣ ಗೀರು. ಮೇಲ್ತುದಿ ಹೊರಸಿನ ಮೇಲೆ, ಕೆಳತುದಿ ನೆಲದ ಕಡೆಗೆ ಇಳಿಜಾರು. ಮೇಲೆ ಕೂತವಳು ಕಣಕವನ್ನು ಅಂಗೈಯಲ್ಲಿ ಒತ್ತಿ ಗೀರಿನ ಮೇಲೆ ಹೊಸೆದಂತೆ ಎಳೆ ಕೆಳಗೆ ಜಾರುತ್ತದೆ. ಕೆಳಗೆ ಕೂತವಳು ಅದನ್ನು ಕಡಿಯದಂತೆ ಎಳೆದು ತೆಳ್ಳಗೆ ಮಾಡಿ, ಕೋಲಿನ ಮೇಲೆ ಮಡಿಸಿ ಹಾಕುತ್ತಾಳೆ. ಹೊಸೆಯುವವಳ ಕೈ ನಿಂತರೆ ಎಳೆ ದಪ್ಪ, ಎಳೆಯುವವಳ ಕೈ ಜೋರಾದರೆ ತುಂಡು. ಇಬ್ಬರಿಗೂ ಮಾತಿನ ಲಯ ಕೂಡಬೇಕು. ಅತ್ತೆ ಸೊಸೆಯನ್ನು ಒಂದೇ ಮಣೆಗೆ ಕೂರಿಸಬಾರದು ಎನ್ನುವುದು ನಮ್ಮ ಮನೆಯ ಕಾನೂನು, ಅದರ ಕಾರಣವನ್ನು ಯಾರೂ ಕೇಳುತ್ತಿರಲಿಲ್ಲ. ಗಾಳಿ ಬೀಸಿದರೆ ಎಳೆ ಬಿರಿಯುತ್ತದೆಂದು ನಸುಕಿನಲ್ಲೇ ಕೂತು, ಬಿಸಿಲು ಏರುವಷ್ಟರಲ್ಲಿ ಎದ್ದುಬಿಡುವುದು.

ಕೂಲಿ ಎಂಬ ಮಾತಿಲ್ಲ, ಎಲ್ಲ ಮುಯ್ಯಿ. ಇವತ್ತು ನಮ್ಮ ಮನೆಗೆ ಓಣಿಯ ಹೆಣ್ಣುಮಕ್ಕಳು, ನಾಳೆ ಅವರ ಮನೆಗೆ ನಾವು. ಕೈ ನುರಿತವರು ಮಣೆಗೆ. ಮುದುಕಿಯರು, ಹುಡುಗಿಯರು ಮೊರದ ಸುತ್ತ. ಮೊರದ ಕೆಲಸ ಬೇರೆ: ಉಗುರ ತುದಿಯಲ್ಲಿ ಕಣಕ ಚಿವುಟಿ ಗೌಲಿ, ಬೆರಳಲ್ಲಿ ಹೊಸೆದು ಸೌತಿಬೀಜ, ಬಟವಿ, ಪರಡಿ. ಮದುವೆ ಮನೆಗೆ ಇವು ಬೇಕೇ ಬೇಕು. ಇಟಲಿಯಲ್ಲೂ ಅಕ್ಕಿಕಾಳಿನ ಆಕಾರದ ಓರ್ಜೊ, ಪುಟ್ಟ ಕಿವಿಯ ಆಕಾರದ ಓರೆಕಿಯೆತ್ತೆ ಮಾಡುತ್ತಾರೆ, ಕೈಯಲ್ಲೇ ಒತ್ತುವ ಮುದುಕಿಯರು ಅಲ್ಲಿಯೂ ಇದ್ದಾರೆ.

ಗಡಿಗೆಯ ಅರ್ಧ ಪಾಲು ನಮ್ಮ ಹಬ್ಬಗಳದಾದರೆ, ಬಾಜೂಮನೆಯ ಖಾಲಾನ ಗಡಿಗೆ ಪೂರ್ತಿ ರಮಜಾನ್ ಈದಿಗೆ ಮೀಸಲು. ಶೀರ್ ಖುರ್ಮಾ ಎಂದು ಪುಸ್ತಕದಲ್ಲಿ ಓದಿದೆವು, ಓಣಿಯಲ್ಲಿ ಅದು ಸುರಕುಂಬಾ. ಅದಕ್ಕೆ ನಮ್ಮ ಮಣೆಯ ಎಳೆ ದಪ್ಪವಾಯಿತೆಂದು ಖಾಲಾ ಮೂಗು ಮುರಿಯುವಳು, ಅವಳದು ಕೂದಲೆಳೆ. ತುಪ್ಪದಲ್ಲಿ ಕೆಂಪಗೆ ಹುರಿದು, ಕುದಿದು ಕುದಿದು ಕೆನೆಬಣ್ಣಕ್ಕೆ ತಿರುಗಿದ ಹಾಲಿಗೆ ಬಿಟ್ಟು, ರಾತ್ರಿ ನೆನೆಸಿ ಸೀಳಿದ ಉತ್ತತ್ತಿ, ಸಿಪ್ಪೆ ತಿಕ್ಕಿದ ಚಾರೋಳಿ, ಒಣಕೊಬ್ಬರಿ, ಗಸಗಸೆ ಸೇರಿಸುತ್ತಿದ್ದಳು. ಹಾಲು, ಗೋಧಿ, ಕೊಬ್ಬರಿ ನಮ್ಮ ಕಡೆಯವು. ಉತ್ತತ್ತಿ ಮಾತ್ರ ಕಡಲು ದಾಟಿ ಬಂದದ್ದು. ಶಹಾಪುರದ ಹತ್ತಿರ ಗೋಗಿಯಲ್ಲಿ, ಚಂದಾ ಹುಸೇನಿ ದರ್ಗಾದ ಬದಿಗೆ, ಬಿಜಾಪುರದ ಮೊದಲ ಸುಲ್ತಾನ ಯೂಸುಫ್ ಆದಿಲ್‌ಶಾಹ ಮಲಗಿದ್ದಾನೆ. ಪರ್ಷಿಯಾದ ಹಾದಿಯಲ್ಲಿ ಬಂದು ದಖನ್ನಿನಲ್ಲಿ ರಾಜ್ಯ ಕಟ್ಟಿದವನು. ಅಂಥವರ ಜೊತೆ ಬಂದ ರುಚಿ, ನಮ್ಮ ಹೊಲದ ಗೋಧಿಯನ್ನು ಕೂಡಿಕೊಂಡಿತು ಎಂದುಕೊಳ್ಳುತ್ತೇನೆ. ಮಡಿ ಹಿಡಿದ ನಮ್ಮ ಮನೆಗೆ ಆಗ ಖಾಲಾ ಅಡಿಗೆ ಕಳಿಸುತ್ತಿರಲಿಲ್ಲ. ತಾಟಿನಲ್ಲಿ ಹಸಿ ಶ್ಯಾವಿಗೆ, ಸಕ್ಕರೆ, ಉತ್ತತ್ತಿ ಇಟ್ಟು ಮೇಲೊಂದು ಬಟ್ಟೆ ಮುಚ್ಚಿ ಕೊಡುವಳು. ಅವ್ವ ಅದನ್ನು ನಮ್ಮ ಒಲೆಯ ಮೇಲೆ ಬೇಯಿಸುವಳು. ಖಾಲಾನ ಕೈರುಚಿಯನ್ನು ನಾನು ಕದ್ದು ಹೋಗಿ ತಿಂದದ್ದೇ ಹೆಚ್ಚು.

ಮಶೀನು ಬಂದದ್ದು ನನ್ನ ಕಣ್ಣೆದುರಿಗೆ. ಎರಕದ ಕಬ್ಬಿಣದ್ದು, ಹೊರಸಿನ ಕಟ್ಟಿಗೆಗೆ ಬಿಗಿದು ಹಿಡಿಕೆ ತಿರುಗಿಸಿದರೆ ತೂತಿನ ಬಿಲ್ಲೆಯಿಂದ ಎಳೆ ಇಳಿಯುತ್ತಿತ್ತು. ಓಣಿಗೆಲ್ಲ ಒಂದು, ಮನೆಯಿಂದ ಮನೆಗೆ ಹೊತ್ತು ತರುತ್ತಿದ್ದರು. ಅದು ಬಂದ ಮೇಲೂ ಮುಯ್ಯಿ ನಿಂತಿರಲಿಲ್ಲ, ಗಮನಿಸಿ. ತಿರುಗಿಸಲು ಒಬ್ಬರು, ಕಣಕ ತುರುಕಲು ಒಬ್ಬರು, ಎಳೆ ಹಿಡಿದು ಹರವಲು ಇಬ್ಬರು ಬೇಕು. ಮೊದಲ ಸಲ ಗಂಡುಹುಡುಗರೂ ಶ್ಯಾವಿಗೆ ಕೆಲಸಕ್ಕೆ ಕೈ ಹಚ್ಚಿದ್ದು ಹಿಡಿಕೆಯ ಮೋಜಿನಿಂದ. ಮಶೀನಿಗೆ ಕೊಡಬೇಕಾದ ಶಾಬಾಸ್ ಕೊಡೋಣ.

ಇನ್ನು ನೀರು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. 1982ಕ್ಕೆ ನಾರಾಯಣಪುರದಲ್ಲಿ ಹತ್ತು ಕಿಲೋಮೀಟರಿಗೂ ಉದ್ದದ ಬಸವಸಾಗರ ಅಣೆಕಟ್ಟು ನಿಂತಿತು. ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಎರಿ ಹೊಲಗಳಿಗೆ ಇಳಿಯಿತು. ಭೀಮರಾಯನಗುಡಿಯಲ್ಲಿ ಕಚೇರಿಗಳೂ ಕ್ವಾರ್ಟರ್ಸ್‌ಗಳೂ ಎದ್ದವು. ಕಾಗದದ ಮೇಲೆ ಯೋಜನೆ ಇದ್ದದ್ದು ಕಡಿಮೆ ನೀರಿನ ಬೆಳೆಗೆ. ಹೊಲದಲ್ಲಿ ನಿಂತದ್ದು ಭತ್ತ. ಜೋಳ ಹಿಂದೆ ಸರಿಯಿತು, ಗೋಧಿಯ ಅಂಚು ಅಳಿಸಿಯೇ ಹೋಯಿತು. ಅದಕ್ಕಿಂತ ದೊಡ್ಡ ಮಾತೆಂದರೆ ಬೇಸಿಗೆಯೇ ಹೋಯಿತು. ಮೊದಲು ಸುಗ್ಗಿ ಮುಗಿದ ಮೇಲೆ ಹೆಣ್ಣುಮಕ್ಕಳಿಗೆ ಮನೆಯಂಗಳದ ದಿನಗಳಿರುತ್ತಿದ್ದವು. ಈಗ ಮೆಣಸಿನಕಾಯಿ ಬಿಡಿಸುವುದು, ಎರಡನೆಯ ಭತ್ತದ ನಾಟಿ, ಕಳೆ, ಕೊಯ್ಲು. ಅಂಗಳದಲ್ಲಿ ಮಣೆ ಹಾಕುವ ಹೊತ್ತಿಗೆ ಕೆಸರಲ್ಲಿ ದಿನಗೂಲಿ ಕರೆಯುತ್ತಿತ್ತು, ಕೈಗೆ ರೊಕ್ಕ ಬರುವುದನ್ನು ಯಾರು ಬಿಡುತ್ತಾರೆ? ಬಿಡಬಾರದು ಕೂಡ. ಕಾಲುವೆಯ ತುದಿಯ ಊರುಗಳಿಗೆ, ಯಾದಗಿರಿ ಕಡೆಯ ತಾಂಡಾಗಳಿಗೆ ನೀರು ತಲುಪಲಿಲ್ಲ. ಅಲ್ಲಿಯ ಹೆಣ್ಣುಮಕ್ಕಳು ಬೇಸಿಗೆಗೆ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡಗಳ ಕೆಳಗೆ ಉಸುಕು ಹೊರುತ್ತಾರೆ. ನೀರು ಬಂದ ಊರಲ್ಲೂ ಬಾರದ ಊರಲ್ಲೂ ನಸುಕಿನಲ್ಲಿ ಮಣೆಗೆ ಕೂರುವವರು ಉಳಿಯಲಿಲ್ಲ. ಕರೆಂಟಿನ ಮಶೀನು ಆಮೇಲೆ ಬಂತು, ತೆರವಾದ ಜಾಗದಲ್ಲಿ ಕೂತಿತು.

ಆ ಕರೆಂಟಿನ ಮಶೀನುಗಳೇ ಈಗ ಶಹಾಪುರ, ಸುರಪುರದ ಓಣಿಗಳಲ್ಲಿ ಬೇಸಿಗೆಯ ಎರಡು ತಿಂಗಳು ಗುಂಯ್‌ಗುಡುತ್ತವೆ. ಕೆಲವನ್ನು ನಡೆಸುವವರು ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳೇ. ನಮ್ಮ ಹಿಟ್ಟು, ಅವರ ಮಶೀನು, ಕಿಲೋ ಲೆಕ್ಕದಲ್ಲಿ ರೊಕ್ಕ. ಮೊನ್ನೆ ದೀಪಾವಳಿಗೆ ಬೆಂಗಳೂರಿನಿಂದ ಬಂದ ತಮ್ಮನ ಮಗಳು ವೈಟ್ ಸಾಸ್ ಪಾಸ್ತಾ ಮಾಡಿದಳು. ಕುದಿಸಿದಳು, ಬಸಿದಳು, ಬೆಣ್ಣೆಗೆ ಮೈದಾ ಹುರಿದು ಹಾಲು ಹೊಯ್ದು ಗಟ್ಟಿ ಮಾಡಿದಳು. ಮೆಣಸಿನ ಪುಡಿ ಉದುರಿಸುತ್ತ, ‘ಅತ್ತಿ, ಸಕ್ರಿ ಬದಲಿ ಉಪ್ಪು ಹಾಕಿದ್ರ ನಿಮ್ಮ ಶ್ಯಾವಿಗೀನೂ ಇದೇ ಅಲ್ಲೇನ್?’ ಅಂದಳು. ಅಲ್ಲ ಎನ್ನಲು ನನಗೆ ಕಾರಣ ಸಿಗಲಿಲ್ಲ. ನನ್ನ ತಕರಾರೇನಿದ್ದರೂ ಮೈದಾದ ಮೇಲೆ. ಬರಿ ಹಾಲನ್ನೇ ಕುದಿಸಿ ಗಟ್ಟಿ ಮಾಡುವ ಖಾಲಾನ ಒಲೆ ನೋಡಿದವಳಿಗೆ ಅದು ಅವಸರದ ಅಡಿಗೆ.

2025ರಲ್ಲಿ ಉಗಾದಿ ಮಾರ್ಚ್ 30ಕ್ಕೆ, ಮರುದಿನವೇ ರಮಜಾನ್ ಈದ್. ಸುರಪುರದ ಅಂಗಡಿಗಳ ಮುಂದೆ ಬುಟ್ಟಿಗಟ್ಟಲೆ ಸಣ್ಣ ಶ್ಯಾವಿಗೆ. ಎರಡೂ ಹಬ್ಬದವರು ಒಂದೇ ತಕ್ಕಡಿಯ ಮುಂದೆ. ನಾನು ಬಾಗಲಕೋಟೆ ಕಡೆಯಿಂದ ತರಿಸಿದ ಜವೆಗೋಧಿಯನ್ನು ಬೀಸಿಸಿ ಗುಂಪಿನವರ ಮಶೀನಿನಲ್ಲಿ ಹಾಕಿಸಿದ್ದೆ, ಕಂದುಬಣ್ಣದ್ದು. ಈಗ ಮಡಿಯೆಲ್ಲ ಮುರಿದುಬಿದ್ದಿದೆ. ಖಾಲಾನ ಸೊಸೆ ಡಬ್ಬಿ ತುಂಬ ಬಿಸಿ ಸುರಕುಂಬಾ ತಂದುಕೊಟ್ಟಳು, ಅದೇ ಡಬ್ಬಿಯಲ್ಲಿ ನನ್ನ ಹಸಿ ಶ್ಯಾವಿಗೆ ತುಂಬಿ ಕೊಟ್ಟೆ. ಅವಳು ಒಂದೆಳೆ ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

‘ದಪ್ಪ ಆಗ್ಯಾವ್ರಿ ಅಕ್ಕೋರ,’ ಅಂದಳು, ಥೇಟ್ ಅತ್ತೆಯ ಹಾಗೆಯೇ ಮೂಗು ಮುರಿದು.