ಗೋವಾದಲ್ಲಿ ಆತ್ಮಪರಿಶೋಧನೆಯ ಬರವಣಿಗೆ

ಮನಸ್ಸಿನ ಚಲನವಲನಗಳನ್ನೂ ಸಾಧನೆಯ ಏಳುಬೀಳುಗಳನ್ನೂ ಬರೆದಿಟ್ಟು, ಆ ಬರಹದ ಮೂಲಕ ತನ್ನನ್ನು ತಾನು ಅರಿಯುವ ಅಭ್ಯಾಸಕ್ಕೆ ಆತ್ಮಪರಿಶೋಧನೆಯ ಬರವಣಿಗೆ ಎನ್ನಬಹುದು. ದಿನಚರಿ ಅದರ ಹೆಚ್ಚು ಪರಿಚಿತ ರೂಪ. ಗೋವಾದ ಮಟ್ಟಿಗೆ ಇದರ ಇತಿಹಾಸ ಗೋಜಲಾಗಿರುವುದಕ್ಕೆ ಮುಖ್ಯ ಕಾರಣವೆಂದರೆ ಪಾದ್ರಿಗಳ ಪತ್ರ, ವಿಚಾರಣೆಯಲ್ಲಿ ಪಡೆದ ತಪ್ಪೊಪ್ಪಿಗೆ, ಹರಕೆಯ ಪತ್ರ, ಆತ್ಮಕಥೆ ಎಲ್ಲವನ್ನೂ ಒಂದೇ ರಾಶಿಗೆ ಹಾಕಿ ನೋಡುವುದು. ಯಾರು ಬರೆದರು ಎಂಬುದರ ಜೊತೆಗೆ ಯಾರು ಓದಲೆಂದು ಬರೆದರು ಎಂದೂ ಕೇಳಿದರೆ ಈ ಗೋಜಲು ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

1542ರ ಮೇ 6ರಂದು ಯೇಸುಸಭೆಯ (ಜೆಸ್ಯೂಟ್) ಪಾದ್ರಿ ಫ್ರಾನ್ಸಿಸ್ ಜೇವಿಯರ್ ಗೋವಾಕ್ಕೆ ಬಂದಿಳಿದ ಮೇಲೆ ಆ ಸಭೆಯ ಸಾಧನಾಕ್ರಮ ಇಲ್ಲಿ ಬೇರೂರಿತು. ಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ ರಚಿಸಿ, 1548ರಲ್ಲಿ ಪೋಪರ ಒಪ್ಪಿಗೆ ಪಡೆದ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಕೈಪಿಡಿಯಲ್ಲಿ ‘ವಿಶೇಷ ಪರೀಕ್ಷೆ’ಯ ವಿಧಾನವಿದೆ, ತನ್ನ ದೋಷಗಳಲ್ಲಿ ಒಂದನ್ನಷ್ಟೇ ಆರಿಸಿಕೊಂಡು ಅದರ ಬೆನ್ನುಹತ್ತುವುದೇ ಈ ಪರೀಕ್ಷೆ. ಸಾಧಕನು ಬೆಳಿಗ್ಗೆ ಏಳುತ್ತಲೇ ಸಂಕಲ್ಪ ಮಾಡಬೇಕು, ಮಧ್ಯಾಹ್ನದ ಊಟವಾದ ಮೇಲೊಮ್ಮೆ, ರಾತ್ರಿಯ ಊಟವಾದ ಮೇಲೊಮ್ಮೆ ತನ್ನ ನಡೆಯನ್ನು ತಾಸುತಾಸಾಗಿ ನೆನೆದು, ತಪ್ಪಿದಷ್ಟು ಸಲ ಚುಕ್ಕೆ ಇಡಬೇಕು. ದಿನವೊಂದಕ್ಕೆ ಎರಡು ಗೆರೆ. ಮೇಲಿನ ಗೆರೆಗಿಂತ ಕೆಳಗಿನದರಲ್ಲಿ, ಕಳೆದ ವಾರಕ್ಕಿಂತ ಈ ವಾರದಲ್ಲಿ ಚುಕ್ಕೆಗಳು ಕಡಿಮೆಯಾದವೇ ಎಂದು ಹೋಲಿಸಿ ನೋಡಬೇಕು. ಅಕ್ಷರಗಳಿಲ್ಲದ ಈ ಹಾಳೆ ಬರೆದವನಿಗಷ್ಟೇ ಅರ್ಥವಾಗುವಂಥದು. ಜೇವಿಯರರ ಪತ್ರಗಳ ಸ್ವರೂಪ ಬೇರೆ: ಅವುಗಳಲ್ಲಿ ಅನೇಕವು ಯುರೋಪಿನ ಹಲವರ ಕೈಗೆ ಹೋಗಲೆಂದೇ ಬರೆದವು. ಆದ್ದರಿಂದ ಅವುಗಳನ್ನು ದಿನಚರಿಯೆಂದು ಓದುವುದು ಸರಿಯಲ್ಲ.

1560ರಿಂದ 1812ರವರೆಗೆ, ನಡುವೆ 1774–78ರ ಬಿಡುವನ್ನು ಬಿಟ್ಟು, ಇಲ್ಲಿದ್ದ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಾಲಯವು ಜನರಿಂದ ಮನದೊಳಗಿನ ನಂಬಿಕೆಯ ಕಥೆಯನ್ನು ಬಲವಂತದಿಂದ ಹೇಳಿಸಿ ಬರೆಯಿಸಿಕೊಂಡಿತು. ಅದರ ಹೆಚ್ಚಿನ ಕಡತಗಳು ನಾಶವಾಗಿದ್ದು, 1623ರಲ್ಲಿ ಜುವಾಂವ್ ದೆಲ್ಗಾದು ಫಿಗೇಯ್ರ ಸಿದ್ಧಪಡಿಸಿದ ಸುಮಾರು 3,800 ಮೊಕದ್ದಮೆಗಳ ಸೂಚಿ ಲಿಸ್ಬನ್ನಿನಲ್ಲಿ ಉಳಿದಿದೆ. ಸೆರೆಯ ಭಯದಲ್ಲಿ ನುಡಿದು, ಗುಮಾಸ್ತ ಬರೆದುಕೊಂಡ ಮಾತನ್ನು ಆತ್ಮಪರಿಶೋಧನೆಯೆಂದು ಎಣಿಸುವುದು ಆ ನೊಂದವರಿಗೆ ಮಾಡುವ ಅನ್ಯಾಯವಾದೀತು.

ಸ್ವಇಚ್ಛೆಯಿಂದ ಬರೆದ ಪತ್ರವೊಂದು ಇದಕ್ಕೆ ತೀರ ಭಿನ್ನವಾಗಿ ನಿಲ್ಲುತ್ತದೆ. ಬೆಣಾವಲಿಯಲ್ಲಿ 1651ರಲ್ಲಿ ಹುಟ್ಟಿದ ಪಾದ್ರಿ ಜೋಸೆಫ್ ವಾಜ್ ಸಾಂಖವಾಳ ಎಂಬ ಊರಿನಲ್ಲಿ 1677ರ ಆಗಸ್ಟ್ 5ರಂದು ತಾವು ಯೇಸುವಿನ ತಾಯಿ ಮರಿಯಮ್ಮನವರ ಶಾಶ್ವತ ದಾಸರೆಂದು ದಾಸ್ಯಪತ್ರ ಬರೆದುಕೊಟ್ಟರು. ಆಸ್ತಿಯ ದಾನಪತ್ರದಲ್ಲಿ ಬಳಸುವ ಕಾನೂನಿನ ಭಾಷೆಯಲ್ಲೇ ಇದು ಸಾಗುತ್ತದೆ: ದಾನ ಸ್ವಇಚ್ಛೆಯದು, ಜೀವಿತಕಾಲದಲ್ಲೇ ಕೊಟ್ಟದ್ದು, ಹಿಂದಕ್ಕೆ ಪಡೆಯಲಾಗದ್ದು. ಪೋರ್ಚುಗೀಸ್ ಆಳ್ವಿಕೆಯಲ್ಲಿ ಗುಲಾಮರನ್ನು ಕೊಂಡು ಮಾರುತ್ತಿದ್ದ ನಾಡಿನಲ್ಲಿ, ಸ್ಥಳೀಯ ಪಾದ್ರಿಯೊಬ್ಬರು ತಮ್ಮನ್ನೇ ಹೀಗೆ ಬರೆದುಕೊಟ್ಟದ್ದು ಭಕ್ತಿಯ ಚರಿತ್ರೆಯಲ್ಲಿ ಗಂಭೀರವಾದ ಸಂಗತಿ. ನಾಲ್ಕು ವರ್ಷಗಳ ಬಳಿಕ ಅವರು ಕನ್ನಡ ಕರಾವಳಿಗೆ ಬಂದು ಮಂಗಳೂರು, ಬಸ್ರೂರು, ಗಂಗೊಳ್ಳಿಗಳಲ್ಲಿ ದುಡಿದು, ಮುಂದೆ ಸಿಂಹಳಕ್ಕೆ ಹೋಗಿ 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು.

ಅದೇ ಸಾಂಖವಾಳದಲ್ಲಿ 1876ರಲ್ಲಿ ಧರ್ಮಾನಂದ ಕೋಸಂಬಿ ಹುಟ್ಟಿದರು. ಮರಾಠಿ ಮಾಸಪತ್ರಿಕೆಯೊಂದರಲ್ಲಿ ಬುದ್ಧನ ಚರಿತ್ರೆ ಓದಿ ಮನಸೋತ ಈ ಗೃಹಸ್ಥರು 1899ರ ಕೊನೆಯಲ್ಲಿ ಮನೆಬಿಟ್ಟು ಪುಣೆ, ಕಾಶಿ, ನೇಪಾಳಗಳನ್ನು ಸುತ್ತಿ ಸಿಂಹಳ ಸೇರಿ, ಪಾಲಿ ಕಲಿತರು. ಬರ್ಮಾದಲ್ಲಿ ಧ್ಯಾನ ಮಾಡಿದರು. 1924ರಲ್ಲಿ ಮರಾಠಿಯಲ್ಲಿ ಪ್ರಕಟವಾದ ಅವರ ‘ನಿವೇದನ’ವನ್ನು ಗೋವಾದವರೊಬ್ಬರ ಆತ್ಮಪರಿಶೋಧನೆಯ ಬರವಣಿಗೆಯಲ್ಲಿ ನಿಜವಾದ ತಿರುವೆಂದು ಗಣಿಸಬೇಕು. ಅದು ಕ್ರಮವಾಗಿ ನಡೆದ ಸಂಗತಿಗಳನ್ನು ಹೇಳುವ ಆತ್ಮಕಥೆಯೇ ಹೌದು, ದಿನಚರಿಯಲ್ಲ. ಆದರೆ ಹೆಂಡತಿ, ಮಗುವನ್ನು ಬಿಟ್ಟು ಹೊರಡುವವನ ಸಂಕಟವನ್ನು ಅಲ್ಲಿ ಯಾವ ಗುರುವಿಗೂ ಧರ್ಮಾಧಿಕಾರಿಗೂ ಒಪ್ಪಿಸದೆ ಸಾಮಾನ್ಯ ಓದುಗರ ಮುಂದಿಡಲಾಗಿದೆ. ಮನುಷ್ಯರ ಸ್ವಭಾವಗಳನ್ನು ರಾಗ, ದ್ವೇಷ, ಮೋಹ, ಶ್ರದ್ಧೆ, ಬುದ್ಧಿ, ವಿತರ್ಕ ಎಂದು ಆರಾಗಿ ವಿಂಗಡಿಸುವ ‘ವಿಸುದ್ಧಿಮಗ್ಗ’ವೆಂಬ ಪಾಲಿ ಗ್ರಂಥದ ಸಂಪಾದನೆಯಲ್ಲಿ ಕೋಸಂಬಿಯವರು ವರ್ಷಗಟ್ಟಲೆ ತೊಡಗಿದ್ದರು. ತನ್ನನ್ನೇ ಪರೀಕ್ಷಿಸಿಕೊಳ್ಳುವ ಅವರ ಬರಹದ ಹಿಂದೆ ಈ ಶಾಸ್ತ್ರದ ಶಿಸ್ತೂ ಇದೆಯೆಂದು ತಿಳಿಯಲು ಅವಕಾಶವಿದೆ. ಕನ್ನಡದಲ್ಲಿ ಇದಕ್ಕೆ ಹತ್ತಿರದ ನಿದರ್ಶನವೆಂದರೆ ಹಲಸಂಗಿಯ ಮಧುರಚೆನ್ನರ ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’. ಕೋಸಂಬಿಯವರು 1947ರ ಜೂನ್ 4ರಂದು ಸೇವಾಗ್ರಾಮದಲ್ಲಿ ಉಪವಾಸದಿಂದ ದೇಹ ಬಿಟ್ಟರು.

ಮನಶ್ಶಾಸ್ತ್ರ ಈ ಅಭ್ಯಾಸವನ್ನು ಕೈಗೆತ್ತಿಕೊಂಡದ್ದು ಈಚೆಗೆ. 1986ರಲ್ಲಿ ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಅವರು ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ ಮನದ ನೋವನ್ನು ಬರೆಯಿಸಿ, ಆರೋಗ್ಯದ ಮೇಲೆ ಅದರ ಪರಿಣಾಮವನ್ನು ಪರಿಶೀಲಿಸಿದರು. ಬರವಣಿಗೆಯನ್ನು ಎಲ್ಲ ಸಾಧನಾಮಾರ್ಗಗಳೂ ಒಪ್ಪುತ್ತವೆಂದಲ್ಲ: ಬರ್ಮಾದ ಪರಂಪರೆಯಿಂದಲೇ ಬಂದ ಧ್ಯಾನಗುರು ಗೋಯೆಂಕಾ ಅವರ ಹತ್ತು ದಿನಗಳ ವಿಪಶ್ಯನ ಧ್ಯಾನಶಿಬಿರದಲ್ಲಿ ಓದುವುದನ್ನೂ ಬರೆಯುವುದನ್ನೂ ನಿಷೇಧಿಸಲಾಗಿದ್ದು, ಸಾಧಕನು ಅಲ್ಲಿ ಮುಖ್ಯವಾಗಿ ಉಸಿರನ್ನೂ ದೇಹದ ಸಂವೇದನೆಗಳನ್ನೂ ಗಮನಿಸಬೇಕು.