ವಿದೇಶದಲ್ಲಿರುವ ಅಮೆರಿಕನ್ ಪ್ರಜೆಗಳು: ಆರೋಗ್ಯ ವಿಮೆ ಮತ್ತು ತೆರಿಗೆ ವಿವರಣೆ

ಅಮೆರಿಕದಲ್ಲಿ ಕೆಲ ವರ್ಷ ದುಡಿದು ಊರಿಗೆ ಮರಳಿದ ಕುಟುಂಬಗಳು ಕರ್ನಾಟಕದಲ್ಲಿ ಸಾಕಷ್ಟಿವೆ. ಅಲ್ಲಿ ಹುಟ್ಟಿದ ಮಕ್ಕಳು ಹುಟ್ಟಿನಿಂದಲೇ ಅಲ್ಲಿಯ ಪ್ರಜೆಗಳು. ಪೌರತ್ವ ಪಡೆದ ಹಿರಿಯರೂ ಇದ್ದಾರೆ. ಅಮೆರಿಕದ ಪ್ರಜೆ ಎಲ್ಲೇ ವಾಸಿಸಲಿ, ಆದಾಯ ನಿಗದಿತ ಮಿತಿ ದಾಟಿದರೆ ಜಗತ್ತಿನೆಲ್ಲೆಡೆಯ ಆದಾಯವನ್ನು 1040 ನಮೂನೆಯಲ್ಲಿ ತೋರಿಸಬೇಕು. ಇದರ ಜೊತೆ ಆರೋಗ್ಯ ವಿಮೆಯ ಪ್ರಶ್ನೆಯೂ ಸೇರಿಕೊಂಡು ಅನೇಕರಿಗೆ ಗೊಂದಲವಾಗಿದೆ.

2010ರ ಆರೋಗ್ಯ ಕಾಯಿದೆಯ (ಜನರ ಬಾಯಲ್ಲಿ ಒಬಾಮಾ ಕೇರ್) ಪ್ರಕಾರ 2014ರಿಂದ ಪ್ರತಿಯೊಬ್ಬರೂ ವಿಮೆ ಹೊಂದಿರಬೇಕಿತ್ತು, ಇಲ್ಲವಾದರೆ ದಂಡ. 2016ರಿಂದ 2018ರವರೆಗೆ ಇದು ವಯಸ್ಕರೊಬ್ಬರಿಗೆ 695 ಡಾಲರ್ ಅಥವಾ ಮಿತಿ ದಾಟಿದ ಆದಾಯದ ಶೇ. 2.5, ಯಾವುದು ಹೆಚ್ಚೋ ಅದು. ಆದರೆ ವಿದೇಶವಾಸಿಗಳಿಗೆ ಆಗಲೂ ವಿನಾಯಿತಿ ಇತ್ತು. ಸತತ 12 ತಿಂಗಳಲ್ಲಿ ಕನಿಷ್ಠ 330 ಪೂರ್ಣ ದಿನ ಹೊರದೇಶದಲ್ಲಿದ್ದವರು, ಅಥವಾ ಇಡೀ ತೆರಿಗೆ ವರ್ಷ ಅಲ್ಲಿಯ ನಿಜವಾದ ನಿವಾಸಿಗಳಾಗಿದ್ದವರು 8965 ನಮೂನೆಯಲ್ಲಿ 'ಸಿ' ಸಂಕೇತ ಬರೆದರೆ ಸಾಕಿತ್ತು. ಭಾರತದ ಮೆಡಿಕ್ಲೇಮ್ ಲೆಕ್ಕಕ್ಕೆ ಬರುತ್ತದೆಯೇ ಎಂಬ ಚರ್ಚೆಯೇ ಅವರಿಗೆ ಬೇಕಿರಲಿಲ್ಲ.

2019ರ ಜನವರಿಯಿಂದ ಕೇಂದ್ರದ ದಂಡ ಸೊನ್ನೆಯಾಗಿದೆ. 8965 ನಮೂನೆಯೂ ಹೋಯಿತು. ಹಳೆಯ ಮಾಹಿತಿ ನೋಡಿ ಈಗಲೂ ಹೆದರುವವರಿದ್ದಾರೆ, ಅಗತ್ಯವಿಲ್ಲ. ದಂಡ ಹೋಯಿತೆಂದು ತೆರಿಗೆ ವಿವರಣೆಯನ್ನೇ ಬಿಡುವುದು ಮಾತ್ರ ದೊಡ್ಡ ತಪ್ಪು.

ನಿಜವಾದ ತೊಡಕು ಬರುವುದು ವರ್ಷದ ಮಧ್ಯೆ ದೇಶ ಬಿಟ್ಟವರಿಗೆ. ಸರ್ಕಾರಿ ಮಾರುಕಟ್ಟೆ, ಅಂದರೆ ಮಾರ್ಕೆಟ್‌ಪ್ಲೇಸ್ ಮೂಲಕ ಪಾಲಿಸಿ ಪಡೆದು, ಪ್ರೀಮಿಯಂಗೆ ಮುಂಗಡ ಸಹಾಯಧನ ಪಡೆದಿದ್ದರೆ, ಹೊರಡುವಾಗ ಪಾಲಿಸಿ ರದ್ದು ಮಾಡಿಸಲೇಬೇಕು. ವಿದೇಶದಲ್ಲಿ ನೆಲೆಸಿದವರು ಅಲ್ಲಿಯ ಪಾಲಿಸಿಗೆ ಅರ್ಹರಲ್ಲ. ಮರುವರ್ಷ 1095-ಎ ಎಂಬ ಪತ್ರ ಬರುತ್ತದೆ. ಅದು ಅಮೆರಿಕದ ಹಳೆಯ ವಿಳಾಸಕ್ಕೆ ಹೋಗಿ ಕೈಸೇರದೆ ಉಳಿಯುವ ಸಾಧ್ಯತೆಯೇ ಹೆಚ್ಚು, ಆದ್ದರಿಂದ ವಿಳಾಸ ಬದಲಿಸಿಕೊಳ್ಳಬೇಕು ಅಥವಾ ಖಾತೆಯಿಂದ ಇಳಿಸಿಕೊಳ್ಳಬೇಕು. ಅದರ ಅಂಕಿಗಳಿಂದ 8962 ನಮೂನೆ ತುಂಬಿ 1040ಕ್ಕೆ ಲಗತ್ತಿಸಬೇಕು. ಹೆಚ್ಚು ಪಡೆದಿದ್ದರೆ ಮರಳಿಸಬೇಕಾಗುತ್ತದೆ. ಲಗತ್ತಿಸದಿದ್ದರೆ ರೀಫಂಡ್ ತಡೆಹಿಡಿಯಲಾಗುತ್ತದೆ. ಉದ್ಯೋಗದಾತರು ಕೊಡುವ 1095-ಸಿ ಪತ್ರವನ್ನು ಕಡತದಲ್ಲಿಟ್ಟರೆ ಸಾಕು.

ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್ ಮತ್ತು ವಾಷಿಂಗ್ಟನ್ ಡಿ.ಸಿ.ಯಲ್ಲಿ ಸ್ಥಳೀಯ ದಂಡ ಉಳಿದಿದೆ. ಅಲ್ಲಿಂದ ಬಂದವರು ಅಲ್ಲಿದ್ದ ತಿಂಗಳುಗಳ ವಿಮೆಯ ದಾಖಲೆ ಇಟ್ಟುಕೊಳ್ಳುವುದು ಒಳ್ಳೆಯದು.

ಭಾರತದ ಮೆಡಿಕ್ಲೇಮ್‌ಗೆ ನಗದು ಮೌಲ್ಯ ಇರುವುದಿಲ್ಲ, ಹಾಗಾಗಿ ಅದನ್ನು ವಿದೇಶಿ ಖಾತೆ ಎಂದು ತೋರಿಸಬೇಕಿಲ್ಲ. ಸರೆಂಡರ್ ಮೌಲ್ಯವಿರುವ ಜೀವವಿಮೆ ಹಾಗಲ್ಲ. ಬ್ಯಾಂಕ್ ಖಾತೆಗಳೊಂದಿಗೆ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಸಲ್ಲಿಸಬೇಕು. ಮಕ್ಕಳ ಹೆಸರಿನ ಖಾತೆಗಳಿಗೂ ಇದೇ ನಿಯಮ, ಅವರ ಪರವಾಗಿ ಪೋಷಕರು ಸಲ್ಲಿಸಬಹುದು.

ವಿದೇಶವಾಸಿಗಳಿಗೆ 1040 ಸಲ್ಲಿಸಲು ಜೂನ್ 15ರವರೆಗೆ ಅವಕಾಶವಿದೆ. ತೆರಿಗೆ ಬಾಕಿ ಇದ್ದರೆ ಬಡ್ಡಿ ಮಾತ್ರ ಏಪ್ರಿಲ್ 15ರಿಂದಲೇ ಶುರು.