ಪವನಚಕ್ಕಿ ಮತ್ತು ಬಿರುಗಾಳಿ



ಮಿರಜದಿಂದ ಪಂಢರಪುರಕ್ಕೆ ಹೋಗುವ ರೈಲು ಕವಠೇಮಹಾಂಕಾಳ ದಾಟಿದ ಮೇಲೆ ಢಾಲಗಾಂವದ ಗುಡ್ಡಗಳಲ್ಲಿ ಗಾಳಿಯಂತ್ರಗಳು ಸಾಲಾಗಿ ಕಾಣುತ್ತವೆ. ನಮ್ಮ ಮಕ್ಕಳು ಮರಾಠಿಯಂತೆ ‘ಪವನಚಕ್ಕಿ’ ಎನ್ನುತ್ತಾರೆ. ನಾವು ತಿದ್ದುವುದಿಲ್ಲ. ಚಕ್ಕಿ ಎಂದರೆ ಬೀಸುವ ಕಲ್ಲು. ಇವು ಏನನ್ನೂ ಬೀಸುವುದಿಲ್ಲ, ಆದರೂ ಹೆಸರಿನಲ್ಲಿ ಹಳೆಯ ಇತಿಹಾಸ ಉಳಿದಿದೆ. ಸಾವಿರ ವರ್ಷಗಳ ಹಿಂದೆಯೇ ಪರ್ಶಿಯಾದ ಸೀಸ್ತಾನದಲ್ಲಿ ಜನರು ಗಾಳಿಯಿಂದ ಕಾಳು ಬೀಸುತ್ತಿದ್ದರು.

ಈ ಯಂತ್ರಕ್ಕೆ ಗಾಳಿಯೇ ಅನ್ನ, ಗಾಳಿಯೇ ವೈರಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ. ಹಾಗಾಗಿ ಗಾಳಿಯಂತ್ರದ ಇತಿಹಾಸವೆಂದರೆ ಬಹುಪಾಲು ಬಿರುಗಾಳಿಯಿಂದ ಪಾರಾಗುವ ಉಪಾಯಗಳ ಇತಿಹಾಸ. 1854ರಲ್ಲಿ ಅಮೆರಿಕದ ಡೇನಿಯಲ್ ಹ್ಯಾಲಡೇ, ಗಾಳಿ ಜೋರಾದಾಗ ತಾನಾಗಿಯೇ ವೇಗ ತಗ್ಗಿಸಿಕೊಳ್ಳುವ ನೀರೆತ್ತುವ ಯಂತ್ರ ಮಾಡಿದ. ಛತ್ರಿ ಹಿಡಿದವನು ಬಿರುಗಾಳಿಗೆ ಅದನ್ನು ಮಡಚಿಕೊಂಡಂತೆ! ಈಗಿನ ದೊಡ್ಡ ಯಂತ್ರಗಳೂ ಗಾಳಿ ಗಂಟೆಗೆ ಸುಮಾರು 90 ಕಿ.ಮೀ. ದಾಟಿದರೆ ಸಾಮಾನ್ಯವಾಗಿ ನಿಂತುಬಿಡುತ್ತವೆ. ಆದರೂ 1998ರ ಜೂನ್ 9ರ ಚಂಡಮಾರುತಕ್ಕೆ ಗುಜರಾತದ ಕರಾವಳಿಯಲ್ಲಿ ಅನೇಕ ಯಂತ್ರಗಳು ಹಾಳಾದವು.

ನಮ್ಮ ಭಾಗದ ರೈತನಿಗೆ ಬೇಕಾದದ್ದು ಬೇರೆ ತರಹದ್ದು. 1960ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಬಾವಿಯಿಂದ ನೀರೆತ್ತುವ, ಹಲವು ಅಲಗುಗಳ ಗಾಳಿಯಂತ್ರವನ್ನು ರೂಪಿಸಿತ್ತು. ಅದರ ಹೆಸರು ಡಬ್ಲ್ಯೂಪಿ-2. ಅದು ಹಳ್ಳಿಗಳಲ್ಲಿ ಬೇರೂರಲಿಲ್ಲ. ಅಷ್ಟರಲ್ಲಿ ಕರೆಂಟು ಬಂತು, ಪಂಪಸೆಟ್ ಬಂತು. ನಮ್ಮ ಮಟ್ಟಿಗೆ ಹೇಳುವುದಾದರೆ, ಸಣ್ಣ ಯಂತ್ರವನ್ನು ಕೊಲ್ಲುವುದು ಬಿರುಗಾಳಿಯೊಂದೇ ಅಲ್ಲ. ಬಾಗಿದ ಅಲಗನ್ನು ನೆಟ್ಟಗೆ ಮಾಡುವವರು ಊರಲ್ಲಿ ಇಲ್ಲದಿದ್ದರೆ ಒಂದು ಅಡ್ಡಮಳೆಯೇ ಸಾಕು.

ಈಗ ಗುಡ್ಡದ ಮೇಲಿನ ಗಾಳಿ ಕರೆಂಟಾಗಿ ದೂರ ಹೋಗುತ್ತದೆ. ಕೆಳಗೆ ಜತ್ತ ತಾಲೂಕಿಗೆ ಮ್ಹೈಸಾಳದಿಂದ ಕೃಷ್ಣೆಯ ನೀರನ್ನು ಕರೆಂಟಿನ ಪಂಪುಗಳಿಂದಲೇ ಹಂತಹಂತವಾಗಿ ಎತ್ತಬೇಕು. ನೀರಿಲ್ಲವೆಂದು ಈ ತಾಲೂಕಿನ ಸುಮಾರು 40 ಹಳ್ಳಿಗಳು 2012ರಲ್ಲಿ ಕರ್ನಾಟಕ ಸೇರುವ ಠರಾವು ಮಾಡಿದ ಸಂಗತಿ 2022ರಲ್ಲಿ ಮತ್ತೆ ಸುದ್ದಿಯಾಯಿತು.

ಗುರುಬಳಗದಲ್ಲಿ ಒಂದು ವಿನಂತಿ. ನಿಮ್ಮೂರಿನ ಯಾವುದಾದರೂ ಬಾವಿಯ ದಡದಲ್ಲಿ ಇಂಥ ಹಳೆಯ ಯಂತ್ರದ ಕಬ್ಬಿಣದ ಕಾಲುಗಳು ಉಳಿದಿದ್ದರೆ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿರಿ. ಅದನ್ನು ಯಾವ ವರ್ಷ ನಿಲ್ಲಿಸಿದರು, ಯಾವ ಗಾಳಿಗೆ ಬಿತ್ತು ಎಂದು ಊರ ಹಿರಿಯರನ್ನು ಮಕ್ಕಳೇ ಕೇಳಿ ಬರೆದುಕೊಳ್ಳಲಿ.